ಕೈಯಲ್ಲಿ ಕಾಸಿಲ್ಲದಿದ್ದರೂ ಕೇಸು ನಡೆಸುವುದು ಹೇಗೆ: ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ಮನೆಯೊಳಗೆ ಹೊಡೆತ ತಿಂದವರಿಗೂ ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೂ ಕೋರ್ಟಿನ ಮಾತು ಬಂದ ತಕ್ಷಣ ಏಳುವ ಪ್ರಶ್ನೆ ಒಂದೇ: ದುಡ್ಡು ಎಲ್ಲಿಂದ? ಹೆಚ್ಚಿನವರು ಓಲೆ ಅಡ ಇಡುತ್ತಾರೆ, ಇಲ್ಲವೇ ಅಣ್ಣನ ಹತ್ತಿರ ಸಾಲ ಮಾಡುತ್ತಾರೆ. ಯಾರೋ ಹೇಳಿದ ವಕೀಲರಿಗೆ ಮುಂಗಡ ಕೊಡುತ್ತಾರೆ. ನಾಲ್ಕು ಡೇಟ್ ಆಗುವಷ್ಟರಲ್ಲಿ ಕೈ ಖಾಲಿ. ಆಮೇಲೆ "ರಾಜಿ ಮಾಡ್ಕೊಂಡ್ಬಿಡಮ್ಮ" ಅನ್ನುವ ಮಾತಿಗೆ ತಲೆಯಾಡಿಸುವುದೊಂದೇ ಉಳಿಯುತ್ತದೆ.

ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಮೊದಲು ಸರ್ಕಾರದ ದುಡ್ಡು. ಆಮೇಲೆ ದೌರ್ಜನ್ಯ ಮಾಡಿದವನ ದುಡ್ಡು. ಅದಾದ ಮೇಲೆ ಪರಿಹಾರ ನಿಧಿ. ಅಲ್ಲೂ ಕೊರತೆ ಬಿದ್ದರೆ ಸಂಘ ಸಂಸ್ಥೆಗಳು. ನಿಮ್ಮ ಒಡವೆಯ ಪಾಳಿ ಕೊನೆಯದು. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ. ಕರ್ನಾಟಕದಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಆದರೆ ಇಲ್ಲಿ ಹೇಳಿರುವ ಕಾನೂನು ಹೆಚ್ಚುಕಡಿಮೆ ಇಡೀ ದೇಶದ್ದು.

ಈ ಕ್ಷಣ ಜೀವಕ್ಕೆ ಅಪಾಯ ಇದ್ದರೆ ಮುಂದೆ ಓದಬೇಡಿ. 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ಖರ್ಚಿನ ಲೆಕ್ಕ ಆಮೇಲೆ ನೋಡಿದರಾಯಿತು.

ಹಂತ 1: ನಿಮ್ಮದೇ ಖಾತೆ, ನಿಮ್ಮದೇ ನಂಬರ್

ಅರ್ಜಿ ಬರೆಯುವ ಮೊದಲು ಮಾಡಬೇಕಾದ ಕೆಲಸ ಇದು. ಗಂಡನ ಜೊತೆ ಜಂಟಿ ಖಾತೆ ಇದ್ದರೆ ಅದನ್ನು ಮರೆತುಬಿಡಿ. ಬೇರೆ ಬ್ಯಾಂಕಿನಲ್ಲಿ, ಸಾಧ್ಯವಾದರೆ ಬೇರೆ ಬಡಾವಣೆಯಲ್ಲೇ, ನಿಮ್ಮೊಬ್ಬರ ಹೆಸರಲ್ಲಿ ಖಾತೆ ತೆರೆಯಿರಿ. ಜನಧನ್ ಖಾತೆಗೆ ಕನಿಷ್ಠ ಮೊತ್ತ ಇಡಬೇಕಾಗಿಲ್ಲ. ಮುಖ್ಯವಾದದ್ದು ಮೊಬೈಲ್ ನಂಬರ್. ಎಷ್ಟೋ ಮನೆಗಳಲ್ಲಿ ಹೆಂಡತಿಯ ಖಾತೆಗೂ ಗಂಡನ ನಂಬರೇ ಜೋಡಣೆಯಾಗಿರುತ್ತದೆ. ನಾಳೆ ಜೀವನಾಂಶ ಜಮಾ ಆದರೆ ಮೆಸೇಜ್ ಹೋಗುವುದು ಅವನ ಫೋನಿಗೆ, ಒಟಿಪಿಯೂ ಅವನಿಗೇ. ಆಧಾರ್‌ಗೆ ಯಾವ ನಂಬರ್, ಯಾವ ಖಾತೆ ಜೋಡಣೆಯಾಗಿದೆ ಅಂತಲೂ ನೋಡಿಕೊಳ್ಳಿ. ಸರ್ಕಾರದ ಹಣ ಆಧಾರ್ ಹಿಡಿದು ಹಳೆಯ ಖಾತೆಗೆ ಹೋಗಿಬಿಡಬಹುದು.

ದಾಖಲೆಗಳ ಫೋಟೊ ತೆಗೆದು ನಂಬಿಕಸ್ತರೊಬ್ಬರಿಗೆ ಕಳಿಸಿ, ನಿಮ್ಮ ಫೋನಿನಿಂದ ಅಳಿಸಿಬಿಡಿ. ಮದುವೆ ಫೋಟೊ ಅಥವಾ ನೋಂದಣಿ ಪತ್ರ, ಮಕ್ಕಳ ಜನನ ಪತ್ರ, ಆಧಾರ್, ರೇಷನ್ ಕಾರ್ಡ್, ಆಸ್ಪತ್ರೆ ಚೀಟಿ, ಗಾಯದ ಫೋಟೊ, ಬೆದರಿಕೆಯ ಮೆಸೇಜು ಎಲ್ಲವೂ ಬೇಕು. ಅವನ ಸಂಬಳದ ಚೀಟಿ ಕಣ್ಣಿಗೆ ಬಿದ್ದರೆ ಅದರದ್ದೂ ಒಂದು ಫೋಟೊ ಇರಲಿ. ಯಾಕೆ ಅಂತ ಹಂತ 4ರಲ್ಲಿ ಗೊತ್ತಾಗುತ್ತದೆ.

ಹಂತ 2: ಯಾವುದಕ್ಕೆ ದುಡ್ಡು ಬೇಕು, ಯಾವುದಕ್ಕೆ ಬೇಡ

ಜನ ಹೆದರುವಷ್ಟು ಖರ್ಚು ಕಾನೂನಿನಲ್ಲಿ ಇಲ್ಲ. ಎಲ್ಲಿ ಇಲ್ಲ ಅಂತ ಗೊತ್ತಿಲ್ಲದಿದ್ದರೆ ಮಾತ್ರ ಖರ್ಚಾಗುತ್ತದೆ.

ಪೊಲೀಸ್ ದೂರಿಗೆ ಫೀಸಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಲೇಬೇಕು. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯವರು ಝೀರೊ ಎಫ್‌ಐಆರ್ ದಾಖಲಿಸಿ ವರ್ಗಾಯಿಸಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ. ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಪ್ರಥಮ ಚಿಕಿತ್ಸೆ ಮತ್ತು ವೈದ್ಯಕೀಯ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು. ಬಿಲ್ ಕೈಗಿಟ್ಟರೆ ಕಟ್ಟುವ ಮೊದಲು 181ಕ್ಕೆ ಕರೆ ಮಾಡಿ.

ಅತ್ಯಾಚಾರ ಅಥವಾ ಗಂಡನ ಮನೆಯ ಕ್ರೌರ್ಯದ ಬಗ್ಗೆ ಪೊಲೀಸರು ಕ್ರಿಮಿನಲ್ ಕೇಸು ಹಾಕಿದರೆ ಅದನ್ನು ನಡೆಸುವುದು ಸರ್ಕಾರ. ವಾದ ಮಾಡುವುದು ಸರ್ಕಾರಿ ಅಭಿಯೋಜಕರು. ಅವರಿಗೆ ನೀವು ಒಂದು ಪೈಸೆಯೂ ಕೊಡಬೇಕಾಗಿಲ್ಲ. ಹಾಗಂತ ನಿಮಗೆ ವಕೀಲರೇ ಬೇಡ ಅಂತಲ್ಲ. ಕೋರ್ಟಿನ ಒಪ್ಪಿಗೆ ಪಡೆದು ನಿಮ್ಮ ವಕೀಲರು ಅಭಿಯೋಜಕರಿಗೆ ಸಹಾಯ ಮಾಡಬಹುದು. ಜಾಮೀನು ಅರ್ಜಿಯ ದಿನ ನಿಮ್ಮ ಪರವಾಗಿ ನಿಲ್ಲುವವರು ಒಬ್ಬರಿದ್ದರೆ ಆಗುವ ವ್ಯತ್ಯಾಸ ದೊಡ್ಡದು. ಆ ವಕೀಲರೂ ಉಚಿತವಾಗಿಯೇ ಸಿಗಬಹುದು.

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗೆ ಹಾಕುವ ಅರ್ಜಿಗೆ ಎಫ್‌ಐಆರ್ ಬೇಕೇಬೇಕು ಅಂತೇನಿಲ್ಲ. ಆದೇಶದ ಪ್ರತಿಯೂ ಉಚಿತ. ಹೆಂಡತಿಗೆ ಮಾತ್ರ ಈ ಕಾಯ್ದೆ ಅಂದುಕೊಳ್ಳಬೇಡಿ. ಒಂದೇ ಸೂರಿನಡಿ ಬದುಕಿದ ತಾಯಿ, ಅಕ್ಕತಂಗಿ, ಮಗಳು, ಮದುವೆಯಂಥ ಸಂಬಂಧದಲ್ಲಿ ಜೊತೆಗಿದ್ದವರು ಎಲ್ಲರಿಗೂ ಅನ್ವಯಿಸುತ್ತದೆ. ನೀವು ಸದ್ಯ ತವರಿನಲ್ಲಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಅಲೆಯುವ ಬಸ್ ಖರ್ಚು ಇಲ್ಲೇ ಉಳಿಯಿತು.

ಹಾಗಾದರೆ ದುಡ್ಡು ನಿಜವಾಗಿ ಎಲ್ಲಿ ಹೋಗುತ್ತದೆ? ವಕೀಲರ ಫೀಸು, ಆಸ್ತಿ ದಾವೆಯಿದ್ದರೆ ಕೋರ್ಟ್ ಫೀ, ಟೈಪಿಂಗ್, ನೋಟರಿ, ಜೆರಾಕ್ಸ್. ಮತ್ತೆ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಖರ್ಚು ಒಂದಿದೆ: ಪ್ರತಿ ಡೇಟ್‌ಗೂ ಕಳೆದುಹೋಗುವ ಒಂದು ದಿನದ ಕೂಲಿ.

ಹಂತ 3: ಉಚಿತ ವಕೀಲರಿಗೆ ಅರ್ಜಿ

ಇಲ್ಲಿ ಒಂದು ದೊಡ್ಡ ತಪ್ಪು ಕಲ್ಪನೆ ಇದೆ. ಉಚಿತ ಕಾನೂನು ನೆರವು ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿ ಮಹಿಳೆ ಮತ್ತು ಮಕ್ಕಳಿಗೆ ಪ್ರತ್ಯೇಕ ಜಾಗ ಇದೆ. ಅವರಿಗೆ ಆದಾಯದ ಮಿತಿ ಇಲ್ಲ. ನೀವು ಕೂಲಿ ಮಾಡುವವರಿರಲಿ, ಶಾಲೆಯ ಮೇಡಂ ಇರಲಿ, ಸಾಫ್ಟ್‌ವೇರ್ ಕಂಪನಿಯಲ್ಲಿರಲಿ, ಹೆಣ್ಣು ಅನ್ನುವುದೇ ಅರ್ಹತೆ. ಆದಾಯ ಪ್ರಮಾಣಪತ್ರ ತನ್ನಿ ಅಂತ ಯಾರಾದರೂ ಕಳಿಸಿದರೆ "12ನೇ ಕಲಂ, ಸಿ ಉಪಕಲಂ" ಅಂತ ಹೇಳಿ. ದೌರ್ಜನ್ಯಕ್ಕೊಳಗಾದ ಮಗು ಗಂಡಾಗಿದ್ದರೂ ಇದೇ ನಿಯಮ.

ಎಲ್ಲಿಗೆ ಹೋಗಬೇಕು? ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ತಾಲ್ಲೂಕಿನಲ್ಲಾದರೆ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಫೋನಿನಲ್ಲಿ ವಿಚಾರಿಸುವುದಾದರೆ ರಾಷ್ಟ್ರೀಯ ಸಹಾಯವಾಣಿ 15100. ಕೋರ್ಟ್ ಆವರಣ ಅಂದರೆ ಗಲಿಬಿಲಿಯ ಜಾಗ, ಗೇಟಿನಲ್ಲೇ ಕರಿಕೋಟಿನವರು ಸುತ್ತುವರಿದು "ಏನಮ್ಮಾ ಕೇಸು?" ಅಂತ ಕೇಳುತ್ತಾರೆ. ಅವರಿಗೆ ಏನೂ ಹೇಳಬೇಡಿ. ಅಲ್ಲಿರುವ ಪೊಲೀಸರನ್ನೋ ಸಿಬ್ಬಂದಿಯನ್ನೋ "ಲೀಗಲ್ ಏಡ್ ಆಫೀಸ್ ಎಲ್ಲಿ?" ಅಂತ ಕೇಳಿ, ನೇರ ಅಲ್ಲಿಗೇ ಹೋಗಿ.

ಅರ್ಜಿ ಕನ್ನಡದಲ್ಲೇ ಕೊಡಬಹುದು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅಲ್ಲಿನ ಅರೆ ಕಾನೂನು ಸ್ವಯಂಸೇವಕರು ಬರೆದುಕೊಡುತ್ತಾರೆ. ಬರೆಯುವುದಾದರೆ ಇಷ್ಟು ಸಾಕು:

"ನನ್ನ ಗಂಡ ಮತ್ತು ಅವರ ಮನೆಯವರಿಂದ ನನಗೆ ದೈಹಿಕ ಹಾಗೂ ಆರ್ಥಿಕ ದೌರ್ಜನ್ಯವಾಗಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಲು, ಮಧ್ಯಂತರ ಜೀವನಾಂಶ ಕೇಳಲು ನನಗೆ ವಕೀಲರ ಅಗತ್ಯವಿದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯಾಗಿ ನಾನು ಉಚಿತ ನೆರವಿಗೆ ಅರ್ಹಳು. ಸಾಧ್ಯವಾದರೆ ಮಹಿಳಾ ವಕೀಲರನ್ನು ನೇಮಿಸಿಕೊಡಿ. ಈ ನಂಬರಿಗೆ ಮಾತ್ರ ಕರೆ ಮಾಡಿ. ದಯವಿಟ್ಟು ಮನೆ ವಿಳಾಸಕ್ಕೆ ಪತ್ರ ಕಳಿಸಬೇಡಿ."

ಕೊನೆಯ ಎರಡು ಸಾಲು ಮರೆಯಬೇಡಿ. ಕಾನೂನು ಸೇವೆಯ ಮುದ್ರೆ ಇರುವ ಲಕೋಟೆ ಅತ್ತೆಯ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಅರ್ಜಿ ಕೊಟ್ಟ ಮೇಲೆ ಒಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ನಿಯಮದ ಪ್ರಕಾರ ಅರ್ಜಿ ಬಂದ ಏಳು ದಿನದೊಳಗೆ ತೀರ್ಮಾನ ಆಗಬೇಕು. ಪ್ರಾಧಿಕಾರದ ವಕೀಲರ ಪಟ್ಟಿಯಲ್ಲಿ, ಅಂದರೆ ಪ್ಯಾನೆಲ್‌ನಲ್ಲಿರುವ ಇಂಥವರೇ ಬೇಕು ಅಂತ ಕೇಳುವ ಅವಕಾಶವೂ ಇದೆ, ಕೊಡಲೇಬೇಕು ಅಂತೇನಿಲ್ಲ. ನೆರವು ಅಂದರೆ ಬರೀ ವಕೀಲರಲ್ಲ. ಕೋರ್ಟ್ ಫೀ, ನೋಟಿಸ್ ಜಾರಿಯ ಖರ್ಚು, ದೃಢೀಕೃತ ಪ್ರತಿಗಳು, ಮೇಲ್ಮನವಿಗೆ ಬೇಕಾದ ಮುದ್ರಣ ಮತ್ತು ಅನುವಾದವೂ ಅದರಲ್ಲೇ ಬರುತ್ತದೆ. ಆಸ್ತಿಯಲ್ಲಿ ಪಾಲು ಕೇಳುವ ದಾವೆ ಹಾಕುವವರು ಕೋರ್ಟ್ ಫೀಗೆ ಹೆದರಿ ಸುಮ್ಮನಾಗುತ್ತಾರೆ. ಅವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಪ್ಯಾನೆಲ್ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. "ಅಲ್ಲಿ ಕೊಡೋದು ಏನೂ ಸಾಲಲ್ಲಮ್ಮ, ಸ್ವಲ್ಪ ನೋಡ್ಕೊಳ್ಳಿ" ಅಂದರೆ ಒಪ್ಪಬೇಡಿ. ಜಗಳವೂ ಬೇಡ. ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಿ, ಬೇರೆ ವಕೀಲರನ್ನು ಕೇಳಿ. ಆ ಹುದ್ದೆಯಲ್ಲಿ ಇರುವವರು ನ್ಯಾಯಾಧೀಶರು. ವಕೀಲರು ಡೇಟ್‌ಗೆ ಬರುತ್ತಿಲ್ಲ, ಫೋನ್ ಎತ್ತುತ್ತಿಲ್ಲ ಅನ್ನುವ ದೂರನ್ನೂ ಅಲ್ಲೇ ಕೊಡಬೇಕು. ಪುಕ್ಕಟೆ ವಕೀಲರು ಕೆಲಸ ಮಾಡಲ್ಲ ಅನ್ನುವ ಮಾತು ಊರೆಲ್ಲ ಇದೆ. ಅರ್ಧ ನಿಜ. ಪ್ಯಾನೆಲ್‌ನಲ್ಲಿ ಶ್ರದ್ಧೆಯವರೂ ಇದ್ದಾರೆ, ಕಾಟಾಚಾರದವರೂ ಇದ್ದಾರೆ, ದುಡ್ಡು ಕೊಟ್ಟು ಹಿಡಿದ ವಕೀಲರಲ್ಲಿ ಇರುವ ಹಾಗೆಯೇ. ವ್ಯತ್ಯಾಸ ಇಷ್ಟೇ: ಇಲ್ಲಿ ಬದಲಾಯಿಸಿದರೆ ಕಟ್ಟಿದ ಹಣ ಮುಳುಗುವುದಿಲ್ಲ.

ಕೋರ್ಟಿಗೆ ಕಾಲಿಡಲು ಧೈರ್ಯ ಸಾಲದಿದ್ದರೆ ಇನ್ನೊಂದು ಬಾಗಿಲು ಇದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಇರುತ್ತಾರೆ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆ ಸಿಡಿಪಿಒ ಅಂತ ಎಲ್ಲರೂ ಕರೆಯುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದ್ದು. ನಿಮ್ಮ ಅಂಗನವಾಡಿ ಟೀಚರನ್ನು ಕೇಳಿದರೆ ಕಚೇರಿ ಎಲ್ಲಿದೆ ಅಂತ ಹೇಳುತ್ತಾರೆ. ಸಂರಕ್ಷಣಾಧಿಕಾರಿ ನಿಮ್ಮ ಹೇಳಿಕೆ ಪಡೆದು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ಉಚಿತ ವಕೀಲರು ಸಿಗುವಂತೆ ನೋಡಿಕೊಳ್ಳಬೇಕು. ಇದಕ್ಕೂ ಫೀಸಿಲ್ಲ. ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ನೆರವು, ಕಾನೂನು ಸಲಹೆ, ಕೆಲವು ದಿನದ ತಂಗುವ ವ್ಯವಸ್ಥೆ ಒಂದೇ ಕಡೆ ಸಿಗಬೇಕು. ರಾಜ್ಯದ ಸಾಂತ್ವನ ಕೇಂದ್ರಗಳೂ ಇದೇ ದಾರಿ ತೋರಿಸುತ್ತವೆ.

ಹಂತ 4: ಕೇಸಿನ ಖರ್ಚು ಅವನಿಂದಲೇ

ನನ್ನ ಪ್ರಕಾರ ಅತಿ ಹೆಚ್ಚು ಕೈಬಿಟ್ಟುಹೋಗುವ ದಾರಿ ಇದು. ಗಂಡನಿಂದ ಬರೀ ಊಟ ಬಟ್ಟೆಯ ದುಡ್ಡಲ್ಲ, ಕೇಸು ನಡೆಸುವ ಖರ್ಚನ್ನೂ ಕೇಳಬಹುದು. ಅದೂ ಕೇಸು ಮುಗಿಯುವ ಮೊದಲೇ.

ದಾರಿಗಳು ಮೂರಿವೆ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಅಥವಾ ಬೇರೆ ಯಾವುದೇ ಅರ್ಜಿ ನಡೆಯುತ್ತಿದ್ದರೆ 24ನೇ ಕಲಂನಲ್ಲಿ ಮಧ್ಯಂತರ ಜೀವನಾಂಶ ಮತ್ತು ಪ್ರಕರಣದ ಖರ್ಚು ಕೇಳಬಹುದು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅದೇ ರೀತಿ 36ನೇ ಕಲಂ ಇದೆ. ಯಾವ ಧರ್ಮದವರಾದರೂ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಲ್ಲಿ, ಅಂದರೆ ಹಳಬರು ಈಗಲೂ "ನೂರಿಪ್ಪತ್ತೈದು" ಅನ್ನುವ ಅದೇ ಜೀವನಾಂಶದ ಕಲಂನಲ್ಲಿ, ಇದನ್ನೇ ಕೇಳಬಹುದು. ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗೂ ಈ ದಾರಿ ಮುಚ್ಚಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಮಧ್ಯಂತರ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಅಂತ ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಎಳೆಯುತ್ತದೆ. ಆದರೂ ಆ ಮಾತನ್ನು ನಿಮ್ಮ ವಕೀಲರು ಕೋರ್ಟಿಗೆ ನೆನಪಿಸುತ್ತಿರಬೇಕು.

ಮೂರನೆಯದು ಕೌಟುಂಬಿಕ ದೌರ್ಜನ್ಯ ಕಾಯ್ದೆ. 20ನೇ ಕಲಂನಲ್ಲಿ ಆಸ್ಪತ್ರೆ ಖರ್ಚು, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಬಳ, ಹಾಳುಮಾಡಿದ ವಸ್ತು, ಜೀವನಾಂಶ ಎಲ್ಲ ಬರುತ್ತದೆ. 22ನೇ ಕಲಂನಲ್ಲಿ ಮಾನಸಿಕ ಹಿಂಸೆಗೂ ಸೇರಿ ಪರಿಹಾರ. 23ನೇ ಕಲಂನಲ್ಲಿ ಮಧ್ಯಂತರ ಆದೇಶ. ಪರಿಸ್ಥಿತಿ ಗಂಭೀರವಾಗಿದ್ದರೆ ಎದುರು ಪಕ್ಷದವರು ಬರುವ ಮೊದಲೇ ಏಕಪಕ್ಷೀಯವಾಗಿ ಆದೇಶ ಕೊಡಬಹುದು.

ಈಗ ಮುಖ್ಯ ವಿಷಯ. ಎಷ್ಟು ಸಿಗುತ್ತದೆ ಅನ್ನುವುದು ನಿಮ್ಮ ಕಣ್ಣೀರಿನ ಮೇಲಲ್ಲ, ಲೆಕ್ಕದ ಮೇಲೆ ನಿಂತಿದೆ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ನಿಯಮ ಹಾಕಿತು. ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳ ಅಫಿಡವಿಟ್ ಸಲ್ಲಿಸಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು. ಹಾಗಾಗಿ ಒಂದು ತಿಂಗಳು ತಡಮಾಡಿ ಅರ್ಜಿ ಹಾಕಿದರೆ ಒಂದು ತಿಂಗಳ ಹಣ ಹೋದಂತೆ.

ನಿಮ್ಮ ಖರ್ಚನ್ನು "ತಿಂಗಳಿಗೆ ಇಷ್ಟು" ಅಂತ ಒಂದೇ ಅಂಕಿಯಲ್ಲಿ ಬರೆಯಬೇಡಿ. ಬಾಡಿಗೆ, ರೇಷನ್, ಹಾಲು, ಗ್ಯಾಸು, ಕರೆಂಟು, ಮಗುವಿನ ಶಾಲೆ ಫೀಸು, ಯೂನಿಫಾರಂ, ಟ್ಯೂಷನ್, ಅಮ್ಮನ ಬಿಪಿ ಮಾತ್ರೆ, ಫೋನ್ ರೀಚಾರ್ಜ್ ಅಂತ ಸಾಲುಸಾಲಾಗಿ ಬರೆಯಿರಿ. ಕೆಳಗೆ ಪ್ರತ್ಯೇಕವಾಗಿ "ಪ್ರಕರಣದ ಖರ್ಚು" ಅಂತ ಶೀರ್ಷಿಕೆ ಹಾಕಿ ಪ್ರಯಾಣ, ಟೈಪಿಂಗ್, ನೋಟರಿ, ಕಳೆದುಹೋದ ಕೂಲಿ ಸೇರಿಸಿ. ಸಿಕ್ಕಷ್ಟಕ್ಕೆ ರಸೀದಿ ಅಂಟಿಸಿ. ನ್ಯಾಯಾಧೀಶರು ಇಂಥ ಪಟ್ಟಿಯನ್ನು ಕಡಿತ ಮಾಡಬಹುದು, ಆದರೆ ಕಡೆಗಣಿಸುವುದು ಕಷ್ಟ.

ಅವನ ಕಡೆಯದು? "ನನಗೆ ಕೆಲಸವೇ ಇಲ್ಲ ಸ್ವಾಮಿ" ಅನ್ನುವುದು ಎಲ್ಲ ಕೋರ್ಟುಗಳಲ್ಲೂ ಕೇಳಿಬರುವ ಹಾಡು. ಅದಕ್ಕೆ ಉತ್ತರ ನೀವೇ ಹುಡುಕಿಟ್ಟಿರಬೇಕು. ಜಮೀನಿದ್ದರೆ ಸರ್ವೆ ನಂಬರ್ ಗೊತ್ತಿದ್ದರೆ ಸಾಕು, ಭೂಮಿ ಜಾಲತಾಣದಲ್ಲಿ ಪಹಣಿ ನೋಡಬಹುದು. ಸೈಟು, ಮನೆ ಇದ್ದರೆ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಬಹುದು. ಡೇರಿಗೆ ಹಾಲು ಹಾಕುತ್ತಿದ್ದರೆ ಆ ಪುಸ್ತಕದ ಫೋಟೊ, ಅಡಿಕೆ ಮಂಡಿಯ ಚೀಟಿ, ಅಂಗಡಿಯ ಜಿಎಸ್‌ಟಿ ಬೋರ್ಡು, ಸಾಲಕ್ಕೆ ಅರ್ಜಿ ಹಾಕುವಾಗ ತೋರಿಸಿದ ಆದಾಯ, ಹೊಸ ಬೈಕಿನ ಪಕ್ಕ ನಿಂತು ಹಾಕಿದ ಸ್ಟೇಟಸ್ ಎಲ್ಲವೂ ಕೆಲಸಕ್ಕೆ ಬರುತ್ತವೆ. ಕದ್ದು ಅವನ ಇಮೇಲ್ ತೆರೆಯುವ ಸಾಹಸ ಮಾತ್ರ ಬೇಡ. ಅದು ನಿಮ್ಮ ಮೇಲೇ ತಿರುಗುತ್ತದೆ.

ಆದೇಶ ಬಂದರೂ ಕೊಡದಿದ್ದರೆ? ಅವನು ಸಂಬಳದಾರನಾದರೆ, ಹಣವನ್ನು ನೇರವಾಗಿ ನಿಮಗೆ ಕೊಡುವಂತೆ ಅಥವಾ ಕೋರ್ಟಿನಲ್ಲಿ ಠೇವಣಿ ಇಡುವಂತೆ ಅವನ ಮಾಲೀಕರಿಗೇ ನಿರ್ದೇಶಿಸುವ ಅಧಿಕಾರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರಿಗಿದೆ. 144ನೇ ಕಲಂನ ಬಾಕಿಗೆ ವಾರಂಟ್ ಹೊರಡಿಸಬಹುದು, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಆದರೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ" ಅಂತ ಕಾಯಿಸುವವರಿಗೆ ಈ ಒಂದು ವರ್ಷದ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ನೀವೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಹಂತ 5: ಸಂತ್ರಸ್ತರ ಪರಿಹಾರ ನಿಧಿ

ಇದು ಶಿಕ್ಷೆಗೆ ಕಾಯುವ ಹಣವಲ್ಲ. ಆರೋಪಿ ಸಿಗದಿದ್ದರೂ, ಅವನ ಗುರುತೇ ಪತ್ತೆಯಾಗದಿದ್ದರೂ ಪರಿಹಾರ ಕೇಳಬಹುದು. ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆ 2011ರದ್ದು. ಅದರ ಮೇಲೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮಹಿಳೆಯರಿಗಾಗಿಯೇ ರೂಪಿಸಿದ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿತು. 2018ರ ಅಕ್ಟೋಬರ್ 2ರಿಂದ ಅದು ಜಾರಿಯಲ್ಲಿದೆ.

ಆ ಯೋಜನೆಯ ಪಟ್ಟಿಯಲ್ಲಿ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಆಸಿಡ್ ದಾಳಿಯಿಂದ ಮುಖ ವಿರೂಪವಾಗಿದ್ದರೆ 7ರಿಂದ 8 ಲಕ್ಷ ಅಂತ ಇದೆ. ಮನೆಯೊಳಗಿನ ಹಿಂಸೆಗೆ ಇದು ಅನ್ವಯಿಸುವುದಿಲ್ಲ ಅಂದುಕೊಂಡವರೇ ಜಾಸ್ತಿ. ಬೆಂಕಿ ಹಚ್ಚಿ ಸುಟ್ಟ ಗಾಯ, ಕೈಕಾಲು ಊನವಾಗುವಂಥ ಪೆಟ್ಟು, ಹೊಡೆತದಿಂದ ಗರ್ಭಪಾತ ಎಲ್ಲವೂ ಅದೇ ಪಟ್ಟಿಯಲ್ಲಿವೆ. ಗರ್ಭಪಾತಕ್ಕೆ 2ರಿಂದ 3 ಲಕ್ಷ.

ಅರ್ಜಿ ಹೋಗುವುದು ಅದೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಇಂಥ ಅಪರಾಧಗಳ ಎಫ್‌ಐಆರ್ ಪ್ರತಿಯನ್ನು ಪೊಲೀಸರೇ ಪ್ರಾಧಿಕಾರಕ್ಕೆ ಕಳಿಸಬೇಕು ಅಂತ ಯೋಜನೆಯಲ್ಲಿದೆ. ಕಳಿಸಿರುತ್ತಾರೆ ಅಂತ ಕೂರಬೇಡಿ. ಎಫ್‌ಐಆರ್, ವೈದ್ಯಕೀಯ ದಾಖಲೆ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಸೇರಿಸಿ ನೀವೇ ಕೊಡಿ. ಅರ್ಜಿಯಲ್ಲಿ "ಮಧ್ಯಂತರ ಪರಿಹಾರ" ಅಂತ ಪ್ರತ್ಯೇಕವಾಗಿ ಕೇಳಿ, ಇಲ್ಲದಿದ್ದರೆ ಪೂರ್ತಿ ತೀರ್ಮಾನಕ್ಕೆ ಕಾಯಬೇಕಾಗುತ್ತದೆ. ವಿಚಾರಣೆ ಎರಡು ತಿಂಗಳೊಳಗೆ ಮುಗಿಯಬೇಕು. ಘಟನೆಯಿಂದ ಅಥವಾ ಕೋರ್ಟ್ ವಿಚಾರಣೆ ಮುಗಿದ ದಿನದಿಂದ 3 ವರ್ಷದೊಳಗೆ ಅರ್ಜಿ ಹಾಕಬೇಕು.

ಒಂದು ವಿಷಯ ಮೊದಲೇ ತಿಳಿದಿರಲಿ. ಮಂಜೂರಾದ ಹಣ ಪೂರ್ತಿ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಶೇಕಡಾ 75ರಷ್ಟನ್ನು ಕನಿಷ್ಠ 3 ವರ್ಷ ಠೇವಣಿ ಇಡುತ್ತಾರೆ, ಶೇಕಡಾ 25 ಬಳಸಲು ಸಿಗುತ್ತದೆ. ಓದು, ಚಿಕಿತ್ಸೆಯಂಥ ಕಾರಣಕ್ಕೆ ಮೊದಲೇ ಬಿಡಿಸಿಕೊಡಿ ಅಂತ ಕೇಳಬಹುದು.

ಸಂತ್ರಸ್ತೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ದೌರ್ಜನ್ಯ ಮಾಡಿದವನು ಆ ಸಮುದಾಯದವನಲ್ಲದಿದ್ದರೆ, ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕಲಂ ಎಫ್‌ಐಆರ್‌ನಲ್ಲಿ ಸೇರಿದೆಯೇ ಅಂತ ಅಂದೇ ನೋಡಿ. ಆ ನಿಯಮಗಳಲ್ಲಿ ಅತ್ಯಾಚಾರಕ್ಕೆ 5 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 8.25 ಲಕ್ಷ ರೂಪಾಯಿ ಪರಿಹಾರ ಇದೆ. ವೈದ್ಯಕೀಯ ವರದಿ ಬಂದಾಗ ಅರ್ಧ, ಚಾರ್ಜ್‌ಶೀಟ್ ಹಾಕಿದಾಗ ಕಾಲು ಭಾಗ, ಕೆಳ ನ್ಯಾಯಾಲಯದ ವಿಚಾರಣೆ ಮುಗಿದಾಗ ಉಳಿದದ್ದು. ಸಾಕ್ಷಿ ಹೇಳಲು ಬರುವವರಿಗೆ ಪ್ರಯಾಣ ಭತ್ಯೆ, ದಿನಭತ್ಯೆಯೂ ಇದೆ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಪೋಕ್ಸೊ ವಿಶೇಷ ನ್ಯಾಯಾಲಯವೇ ಮಧ್ಯಂತರ ಪರಿಹಾರ ಕೊಡಿಸಬಹುದು. ಕುಟುಂಬದವರು ವಕೀಲರನ್ನು ಇಟ್ಟುಕೊಳ್ಳಬಹುದು, ಶಕ್ತಿಯಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಒದಗಿಸಬೇಕು.

ಹಂತ 6: ಖಾಸಗಿ ವಕೀಲರನ್ನೇ ಇಟ್ಟುಕೊಳ್ಳುವುದಾದರೆ

ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಫೀಸಿನ ಮಾತು ಮೊದಲೇ ಆಗಲಿ. ಇಡೀ ಕೇಸಿಗೆ ಎಷ್ಟು, ಅದರಲ್ಲಿ ಮಧ್ಯಂತರ ಅರ್ಜಿ ಸೇರಿದೆಯೇ, ಡೇಟ್‌ಗೆ ಇಷ್ಟು ಅಂತ ಬೇರೆ ಇದೆಯೇ, ಟೈಪಿಂಗ್ ಯಾರದ್ದು? ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಇಲ್ಲವೇ ವಾಟ್ಸಾಪಿನಲ್ಲಿ "ನೀವು ಹೇಳಿದ ಹಾಗೆ ಇಷ್ಟು, ಹೌದಾ ಸರ್?" ಅಂತ ಕೇಳಿ ಉತ್ತರ ಇಟ್ಟುಕೊಳ್ಳಿ. ಹಣವನ್ನು ಹಂತಹಂತವಾಗಿ, ಖಾತೆಯ ಮೂಲಕ ಕೊಡಿ. ಖಾಲಿ ಹಾಳೆಗೆ ಸಹಿ ಬೇಡ.

"ಈಗ ಏನೂ ಕೊಡಬೇಡಿ, ಬರೋ ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರು ಸಿಗುತ್ತಾರೆ. ದಯೆಯ ಮಾತಿನ ಹಾಗೆ ಕೇಳುತ್ತದೆ. ಆದರೆ ಕೇಸಿನ ಫಲಿತಾಂಶದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಹಾಗೆಯೇ ಫೀಸು ಬಾಕಿ ಇದೆ ಅಂತ ನಿಮ್ಮ ಫೈಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ಏನೇ ಆದರೂ ಮೂಲ ದಾಖಲೆ ನಿಮ್ಮಲ್ಲೇ ಇರಲಿ, ವಕೀಲರಿಗೆ ಜೆರಾಕ್ಸ್ ಕೊಡಿ.

ಖಾಸಗಿ ವಕೀಲರೊಂದಿಗೆ ಶುರುಮಾಡಿ ಕೈ ಸೋತರೆ ಮಧ್ಯದಲ್ಲೂ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮೇಲ್ಮನವಿಗೂ ಹಾಗೆಯೇ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಆದೇಶದ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ ಇರುತ್ತದೆ. ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಬೇರೆ ಬೇರೆ ಕಾನೂನು ಸೇವಾ ಸಮಿತಿಗಳಿವೆ, ಅಲ್ಲೂ ಹೆಣ್ಣುಮಕ್ಕಳಿಗೆ ಆದಾಯ ಕೇಳುವುದಿಲ್ಲ.

ಹಂತ 7: ಸಣ್ಣ ಖರ್ಚುಗಳು, ಮತ್ತು ಅವನ್ನು ಕೊಡಬಲ್ಲವರು

ಕೇಸು ಮುರಿದುಬೀಳುವುದು ಬಹುಪಾಲು ಇಲ್ಲಿ. ವಕೀಲರು ಉಚಿತವಾಗಿ ಸಿಕ್ಕರೂ, ಡೇಟ್ ದಿನ ಕೂಲಿ ಹೋಗುತ್ತದೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಚಿಂತೆ, ಮಧ್ಯಾಹ್ನದ ಊಟ ಹೊರಗೆ. ಬಸ್ಸಿನ ಮಟ್ಟಿಗೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಒಂದು ಅನುಕೂಲ ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಉಚಿತ, ಗುರುತಿನ ಚೀಟಿ ಇದ್ದರೆ ಸಾಕು. ಉಳಿದದ್ದಕ್ಕೆ ಜನ ಬೇಕು.

ನೀವು ಸಂತ್ರಸ್ತೆಯಲ್ಲ, ಸಹಾಯ ಮಾಡಬಯಸುವವರು ಅಂದುಕೊಳ್ಳಿ. ಸ್ವಸಹಾಯ ಸಂಘ ಇರಬಹುದು, ಗೆಳತಿಯರ ಗುಂಪಿರಬಹುದು, ಕಂಪನಿಯೇ ಇರಬಹುದು. ಕಂಪನಿಗಳಿಗಂತೂ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಲಿಂಗ ಸಮಾನತೆ, ಮಹಿಳಾ ಸಬಲೀಕರಣಕ್ಕೆ ಬಳಸಲು 2013ರ ಕಂಪನಿ ಕಾಯ್ದೆಯಲ್ಲೇ ಅವಕಾಶ ಇದೆ. ಬೆಂಗಳೂರಿನ ವಿಮೋಚನಾದಂಥ ಸಂಘಟನೆಗಳು ದಶಕಗಳಿಂದ ಈ ಕ್ಷೇತ್ರದಲ್ಲಿವೆ. ಸಂಸ್ಥೆಗೆ ಕೊಡುವ ಮೊದಲು ಅವರ ವಾರ್ಷಿಕ ಲೆಕ್ಕಪತ್ರ ಕೇಳಿ. ವಿದೇಶಿ ಪೌರತ್ವ ಇರುವವರು ದೇಣಿಗೆ ಕೊಡುವುದಾದರೆ ಆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇರಬೇಕು, ಇಲ್ಲದಿದ್ದರೆ ಅವರು ತೆಗೆದುಕೊಳ್ಳುವಂತಿಲ್ಲ.

ಆನ್‌ಲೈನಿನಲ್ಲಿ ಹಣ ಎತ್ತುವವರಿಗೆ ಒಂದು ಎಚ್ಚರಿಕೆ. ಅತ್ಯಾಚಾರ ಸಂತ್ರಸ್ತೆಯ ಹೆಸರು ಅಥವಾ ಗುರುತು ಸಿಗುವ ಯಾವುದೇ ವಿವರ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂನಡಿ ಅಪರಾಧ, 2 ವರ್ಷದವರೆಗೆ ಜೈಲು. ಹೆಸರು ಮುಚ್ಚಿದರೆ ಸಾಲದು. ಊರಿನ ಹೆಸರು, ಕಾಲೇಜು, ಅಪ್ಪನ ಕೆಲಸ, ಘಟನೆಯ ದಿನ ಸೇರಿಸಿ ಓದಿದರೆ ಪಕ್ಕದ ಬೀದಿಯವರಿಗೆ ಯಾರೆಂದು ತಿಳಿದುಹೋಗುತ್ತದೆ. ಒಬ್ಬರ ಹೆಸರಲ್ಲಿ ಹಣ ಎತ್ತುವ ಬದಲು ಸಂಸ್ಥೆಯೊಂದರ ಕಾನೂನು ನೆರವು ನಿಧಿಗೆ ಅಂತ ಎತ್ತುವುದು ಸುರಕ್ಷಿತ. ಮಕ್ಕಳ ಕೇಸಿನಲ್ಲಂತೂ ಪೋಷಕರು ಒಪ್ಪಿದರೂ ಗುರುತು ಸಿಗುವ ಒಂದು ಸಾಲನ್ನೂ ಹಾಕಬೇಡಿ.

ಕೊಡುವಾಗ ಒಂದೇ ಸಲ ದೊಡ್ಡ ಮೊತ್ತ ಬೇಡ. ಕೇಸು ವರ್ಷಗಟ್ಟಲೆ ನಡೆಯುವಂಥದ್ದು, ದಾನಿಗಳ ಉತ್ಸಾಹ ಮೊದಲ ತಿಂಗಳಿನದು. ಪ್ರತಿ ಡೇಟ್‌ಗೆ ಕೂಲಿಯ ನಷ್ಟ ಇಷ್ಟು, ಮಗು ನೋಡಿಕೊಳ್ಳುವವರಿಗೆ ಇಷ್ಟು, ಜೆರಾಕ್ಸ್ ನೋಟರಿಗೆ ಇಷ್ಟು ಅಂತ ಕಟ್ಟಿಟ್ಟು, ಅವಳ ಸ್ವಂತ ಖಾತೆಗೆ ಹಾಕಿ. ಖಾಸಗಿ ವಕೀಲರ ಫೀಸು ಕೊಡುವುದಾದರೆ ನೇರ ವಕೀಲರಿಗೇ ಕೊಟ್ಟು ರಸೀದಿಯನ್ನು ಅವಳಿಗೆ ಕೊಡಿಸಿ, ಪ್ರಕರಣದ ಖರ್ಚು ಕೇಳುವ ಅರ್ಜಿಗೆ ಅದು ಬೇಕಾಗುತ್ತದೆ. ರಾಜಿಗೆ ಒಪ್ಪುವುದೋ ಬಿಡುವುದೋ ಅವಳಿಗೇ ಸೇರಿದ್ದು. ನಡುವೆ ಕೇಸು ಹಿಂದಕ್ಕೆ ಪಡೆದರೂ ಕೊಟ್ಟದ್ದನ್ನು ವಾಪಸ್ ಕೇಳುವುದಿಲ್ಲ ಅಂತ ಮೊದಲ ಕಂತು ಕೊಡುವಾಗಲೇ ಹೇಳಿಬಿಡಿ.